ಗಾರ್ಮೆಂಟ್ಸ್‌ಗೆ ಹೋದ ಮಗಳು ಫೋನಿನಲ್ಲಿ ಹೇಳದ ಮಾತು

ನಮ್ಮ ಧರ್ಮಕೇಂದ್ರದ ಒಬ್ಬ ಹೆಣ್ಣುಮಗಳಿಗೆ ನಾವು ಕೆಲವು ವರ್ಷಗಳ ಹಿಂದೆ ಒಂದು ಬುದ್ಧಿಮಾತು ಹೇಳಿದ್ದೆವು. ಅದು ತಪ್ಪು ಬುದ್ಧಿಮಾತೆಂದು ತಿಳಿಯಲು ನಮಗೆ ಹನ್ನೊಂದು ತಿಂಗಳು ಬೇಕಾಯಿತು. ಈ ಲೇಖನ ಬರೆಯಲು ಅದೇ ಕಾರಣ.

ಅವಳು ಆದೋನಿಯ ಹತ್ತಿರದ ಹಳ್ಳಿಯವಳು. ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ಕ್ರಿಸ್‌ಮಸ್ಸಿಗೆ ಊರಿಗೆ ಬಂದಿದ್ದವಳು ಬಲಿಪೂಜೆ ಮುಗಿದು ಎಲ್ಲರೂ ಹೋಗುವವರೆಗೆ ದೇವಾಲಯದ ಬಾಗಿಲಲ್ಲಿ ಕಾದು ನಿಂತಳು. "ಫಾದರ್, ನಮ್ ಸೂಪರ್‌ವೈಸರ್ ಬಾಳ ಬೈತಾನ್ರಿ. ಬಿಟ್ಟು ಬಂದ್ಬಿಡ್ಲೇನ್ರಿ?" ಎಂದು ಕೇಳಿದಳು. ಅವಳಪ್ಪನ ಸಾಲ, ತಮ್ಮನ ಕಾಲೇಜು, ಎರಡೂ ನಮಗೆ ಗೊತ್ತಿದ್ದವು. "ತಾಳಿಕೋ ತಾಯಿ. ಎಲ್ಲ ಕೆಲಸದಲ್ಲೂ ಮೇಲಿನವರು ಬೈಯುವುದು ಇದ್ದದ್ದೇ. ಅವನಿಗಾಗಿಯೂ ಪ್ರಾರ್ಥನೆ ಮಾಡು" ಎಂದೆವು. ಅವಳು ತಲೆಯಾಡಿಸಿ ಹೋದಳು.

ಮುಂದಿನ ನವೆಂಬರಿನಲ್ಲಿ ಅವಳ ತಾಯಿ ಓಡಿಬಂದಳು. ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಮೂತ್ರದ ಸೋಂಕು ಮೂತ್ರಪಿಂಡದವರೆಗೆ ಏರಿದೆ ಎಂದಳು. ನಾವು ಬೆಂಗಳೂರಿಗೆ ಹೋಗಿ ನೋಡಿದಾಗ ಅವಳು ಹೇಳಿದ ಕಾರಣ ಬಹಳ ಸರಳವಾಗಿತ್ತು. ಬೆಳಿಗ್ಗೆ ಮೆಷಿನ್ ಮುಂದೆ ಕೂತರೆ ಊಟದ ಗಂಟೆಯವರೆಗೆ ಅವಳು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಶೌಚಾಲಯಕ್ಕೆ ಏಳಬೇಕು. ಎದ್ದರೆ ಅವಳ ಮುಂದೆ ಬಂಡಲ್‌ಗಳು ಗುಡ್ಡೆಯಾಗುತ್ತವೆ. ಗುಡ್ಡೆಯಾದರೆ ಇಡೀ ಲೈನಿಗೆ ಕೇಳುವಂತೆ ಬೈಗುಳ. ಒಮ್ಮೆ ಅವನು ಬಂಡಲನ್ನೇ ಅವಳ ಮುಖಕ್ಕೆ ಎಸೆದಿದ್ದನಂತೆ. "ನೀವು ತಾಳಿಕೋ ಅಂದ್ರಲ್ರಿ ಫಾದರ್" ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಆಮೇಲೆ ನಾವು ನಮ್ಮ ಭಾಗದಿಂದ ಈ ಕೆಲಸಕ್ಕೆ ಹೋದ ಇತರರನ್ನು ಹುಡುಕಿ ಮಾತನಾಡಿಸಿದೆವು. ಮೊದಲೇ ಮಾಡಬೇಕಾಗಿದ್ದ ಕೆಲಸವದು.

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಬದುಕು ಓದುಗರಿಗೆ ತಿಳಿದದ್ದೇ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಂದು ಆಂಧ್ರ ರಾಜ್ಯಕ್ಕೆ ಸೇರಿದರೂ ಎಷ್ಟೋ ಮನೆಗಳ ಒಳಮಾತು ಇಂದಿಗೂ ಕನ್ನಡವೇ. ಮಳೆ ಕೈಕೊಟ್ಟರೆ ಕೋಸಿಗಿ, ಕೌತಾಳಂ ಕಡೆಯ ಹಳ್ಳಿಗಳು ಮನೆಗೆ ಬೀಗ ಹಾಕಿ ಗುಂಟೂರಿನ ಮೆಣಸಿನಕಾಯಿ ಕೀಳಲು ಹೋಗುತ್ತವೆ, ಇಲ್ಲವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಅವರಲ್ಲಿ ಹೊಲಿಗೆ ಕಲಿತ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಸೇರುತ್ತಾರೆ. ಆದೋನಿಯ ಮಾರುಕಟ್ಟೆಗೆ ಬರುವ ಹತ್ತಿಯನ್ನು ಬಿಡಿಸುವವರು ತಾಯಂದಿರು, ಬೆಂಗಳೂರಿನಲ್ಲಿ ಅಂಗಿ ಹೊಲಿಯುವವರು ಮಕ್ಕಳು. ಕನ್ನಡ ಬರುವುದರಿಂದ ಅವರಿಗೆ ಅಲ್ಲಿ ಬಾಡಿಗೆ ಮನೆ, ಬಸ್ಸು, ಅಂಗಡಿ ಎಲ್ಲ ಸುಲಭ. ಸೂಪರ್‌ವೈಸರನ ಬೈಗುಳವೂ ಒಂದಕ್ಷರ ಬಿಡದೆ ಅರ್ಥವಾಗುತ್ತದೆ. ಪಕ್ಕದ ಮೆಷಿನಿನ ಜಾರ್ಖಂಡದ ಹುಡುಗಿಗೆ ಆ 'ಭಾಗ್ಯ'ವಿಲ್ಲ, ಅವಳಿಗೆ ಬರೀ ಕೂಗು ಕೇಳಿಸುತ್ತದೆ.

ಫ್ಯಾಷನ್ ಉದ್ಯಮ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಣ್ಣದ ದೀಪಗಳ ಕೆಳಗೆ ನಡೆಯುವ ರೂಪದರ್ಶಿಗಳು. ಆ ಉಡುಪು ಹುಟ್ಟುವ ಜಾಗ ಬೇರೆಯೇ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಕಾರ್ಖಾನೆಗಳಲ್ಲಿ ಲಕ್ಷಾಂತರ ಮಂದಿ, ಬಹುಪಾಲು ಹೆಂಗಸರು, ಸಾಲುಸಾಲಾಗಿ ಕೂತು ಹೊಲಿಯುತ್ತಾರೆ. ಒಬ್ಬಳು ಇಡೀ ಅಂಗಿ ಹೊಲಿಯುವುದಿಲ್ಲ. ಒಬ್ಬಳದು ಕಾಲರ್, ಒಬ್ಬಳದು ಕಫ್, ಇನ್ನೊಬ್ಬಳದು ಜೇಬು. ಒಂದೊಂದು ಹೊಲಿಗೆಗೆ ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ಮೊದಲೇ ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕದಿಂದ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಹುಟ್ಟುತ್ತದೆ. ಒಬ್ಬಳ ಸೂಜಿ ಮುರಿದರೂ, ದಾರ ಪದೇ ಪದೇ ಕಡಿದರೂ, ಅವಳಿಗೆ ಮುಟ್ಟಿನ ಹೊಟ್ಟೆನೋವಿದ್ದರೂ ಹಿಂದಿನವರ ಮಾಲು ಅವಳ ಮುಂದೆ ಬಂದು ನಿಲ್ಲುತ್ತದೆ. ಎಲ್ಲರ ಕಣ್ಣು ಅವಳ ಮೇಲೆ.

ಈ ಸಾಲಿನ ಕೊನೆಯಲ್ಲಿ ನಿಂತು ಕೂಗುವವನು ಯಾರು? ನಮಗೆ ಪರಿಚಯದ ಒಂದು ಕುಟುಂಬದ ಯುವಕನೇ ಬೇರೊಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನನ್ನು ಕೂರಿಸಿಕೊಂಡು ನೇರವಾಗಿಯೇ ಕೇಳಿದೆವು. "ಫಾದರ್, ಗಂಟೆಗೊಮ್ಮೆ ಬೋರ್ಡ್ ಮ್ಯಾಲೆ ನಂಬರ್ ಬರೀಬೇಕ್ರಿ. ಕಮ್ಮಿ ಆದ್ರೆ ಇನ್‌ಚಾರ್ಜ್ ನನ್ನ ಎಲ್ಲರ ಮುಂದ ನಿಲ್ಲಿಸಿ ಬೈತಾನ. ನಾನು ಯಾರನ್ನ ಬೈಲಿ? ನನ್ನ ಕೆಳಗ ಇರೋರು ಇವರೇ" ಎಂದ. ಅವನೂ ಮೊದಲು ಟೈಲರೇ. ಕೈ ಚುರುಕಿತ್ತು, ಮೇಲೇರಿಸಿದರು. ಜನರಿಂದ ಕೆಲಸ ತೆಗೆಯುವುದು ಹೇಗೆಂದು ಯಾರೂ ಕಲಿಸಲಿಲ್ಲ. ತನ್ನ ಮೇಲೆ ಕೂಗಿದ್ದನ್ನು ಕೇಳಿ ಕೇಳಿ ಅದೇ ಪಾಠವಾಯಿತು. ಇನ್‌ಚಾರ್ಜ್ ಮೇಲೆ ಮ್ಯಾನೇಜರ್, ಅವನ ಮೇಲೆ ಮಾಲೀಕ, ಅವನ ಮೇಲೆ ಸಮುದ್ರದಾಚೆಯ ಬ್ರ್ಯಾಂಡು. ಹಡಗಿಗೆ ಮಾಲು ತಪ್ಪಿದರೆ ವಿಮಾನದಲ್ಲಿ ಕಳಿಸಬೇಕು. ತಡ ಕಾರ್ಖಾನೆಯದಾದರೆ ಆ ಖರ್ಚೂ ಸಾಮಾನ್ಯವಾಗಿ ಕಾರ್ಖಾನೆಯದೇ. ಹೀಗೆ ಮೇಲಿನಿಂದ ಇಳಿಯುತ್ತ ಬರುವ ಒತ್ತಡ ಕೊನೆಗೆ ನಮ್ಮ ಹಳ್ಳಿಯ ಹುಡುಗಿಯ ಕಿವಿಯ ಬಳಿ ಸದ್ದು ಮಾಡುತ್ತದೆ.

ಇದನ್ನು ಹೇಳುವುದು ಅವನನ್ನು ಸಮರ್ಥಿಸಲು ಅಲ್ಲ. ಅದೇ ಟಾರ್ಗೆಟ್ ಇಟ್ಟುಕೊಂಡು ಕೂಗದೆ ಕೆಲಸ ತೆಗೆಯುವ ಸೂಪರ್‌ವೈಸರ್‌ಗಳೂ ಇದ್ದಾರೆ, ಹೆಣ್ಣುಮಕ್ಕಳು ಅವರ ಲೈನಿಗೆ ಹಾಕಿಸಿಕೊಳ್ಳಲು ಕಾಯುತ್ತಾರೆ. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರು ಅಧ್ಯಯನ ನಡೆಸಿ, ಮಾತುಕತೆ, ಸಮಯ ನಿರ್ವಹಣೆಯಂಥ ವಿಷಯಗಳಲ್ಲಿ ತರಬೇತಿ ಪಡೆದ ಮಹಿಳೆಯರ ಉತ್ಪಾದನೆ ಹೆಚ್ಚಿದ್ದನ್ನು ಕಂಡುಕೊಂಡಿದ್ದಾರೆ. ಕೂಗಿದರೇ ಪೀಸ್ ಬರುತ್ತದೆ ಎಂಬುದು ಫ್ಲೋರಿನ ಮೂಢನಂಬಿಕೆ. ಆದರೆ ಕೂಗಿನ ಮೂಲ ತಿಳಿದರೆ ಒಂದು ಲಾಭವಿದೆ: 'ನಾನು ದಡ್ಡಿ, ನನ್ನ ಕೈಯಲ್ಲಿ ಆಗುವುದಿಲ್ಲ' ಎಂಬ ಭಾವನೆ ಎದೆಗೆ ಇಳಿಯುವುದಿಲ್ಲ. ನಾವು ಮಾತನಾಡಿಸಿದ ಹುಡುಗಿಯರಲ್ಲಿ ಹೆಚ್ಚಿನವರನ್ನು ಕುಗ್ಗಿಸಿದ್ದು ದುಡಿತವಲ್ಲ, ಆ ಭಾವನೆ.

ಅನುಭವಸ್ಥ ಹೆಂಗಸೊಬ್ಬರು, ಹದಿನಾರು ವರ್ಷ ಮೆಷಿನ್ ತುಳಿದವರು, ನಮಗೆ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇವೆ. ನಮ್ಮ ಬುದ್ಧಿಮಾತಿಗಿಂತ ಅದು ಎಷ್ಟೋ ಮೇಲು. ಅವನು ಕೂಗುವಾಗ ಎದುರು ಮಾತು ಬೇಡ, ಅಳುವೂ ಬೇಡ. ಕೈ ಕೆಲಸ ಮಾಡುತ್ತಿರಲಿ. ಟೀ ಸಮಯದಲ್ಲಿ ಹೋಗಿ, "ಸರ್, ಯಾವ ಹೊಲಿಗೆ ತಪ್ಪಾಗಿದೆ, ಎಷ್ಟು ಪೀಸ್ ವಾಪಸ್ ಬಂದಿದೆ ತೋರಿಸಿ" ಎಂದು ಕೇಳಬೇಕು. ತೋರಿಸಲೇಬೇಕಾದಾಗ ಬೈಗುಳದ ಅರ್ಧ ಗಾಳಿ ಹೋಗುತ್ತದೆ. ಮೆಷಿನ್ ಕೆಟ್ಟರೆ ಆ ಗಳಿಗೆಯಲ್ಲೇ ಕೈಯೆತ್ತಿ ಎಲ್ಲರಿಗೂ ಕೇಳುವಂತೆ ಮೆಕ್ಯಾನಿಕ್ಕನನ್ನು ಕರೆಯಬೇಕು, ಸಂಜೆ ಹೇಳಿದರೆ ಯಾರೂ ನಂಬುವುದಿಲ್ಲ. ನೀರು ಕುಡಿಯಲೇಬೇಕು. ಪಕ್ಕದವಳೊಂದಿಗೆ ಒಪ್ಪಂದ ಮಾಡಿಕೊಂಡು, ನೀನು ಎದ್ದಾಗ ನಾನು ನೋಡಿಕೊಳ್ಳುತ್ತೇನೆ, ನಾನು ಎದ್ದಾಗ ನೀನು, ಎಂದು ನಡೆಸಬೇಕು. ಮತ್ತು ಒಂದು ಚಿಕ್ಕ ನೋಟ್‌ಬುಕ್. ತಾರೀಖು, ಗಂಟೆ, ಅವನು ಅಂದ ಮಾತು, ಹತ್ತಿರ ಇದ್ದವರು ಯಾರು. "ಬರೆದಿಟ್ಟದ್ದು ಅಳೋದಿಲ್ಲ ಫಾದರ್, ಅದಕ್ಕೇ ಆಫೀಸಿನವರು ಅದನ್ನು ಓದ್ತಾರೆ" ಎಂದರು ಆಕೆ.

ಸಿಟ್ಟಿನಲ್ಲಿ ಕೆಲಸ ಬಿಡುವ ಬಗ್ಗೆಯೂ ಆಕೆ ಎಚ್ಚರಿಸಿದರು. ಖಾಯಂ ಕೆಲಸಗಾರ್ತಿಗೆ ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆ. ನಾಲ್ಕನೆಯ ವರ್ಷದಲ್ಲಿ ಯಾರದೋ ಬೈಗುಳಕ್ಕೆ ರಾಜೀನಾಮೆ ಬರೆದುಕೊಟ್ಟು ಅದನ್ನು ಕಳೆದುಕೊಂಡವರನ್ನು ಆಕೆ ಕಂಡಿದ್ದಾರೆ. ಖಾಲಿ ಕಾಗದಕ್ಕೆ ಸಹಿ ಹಾಕಲೇಬಾರದು. ನೇಮಕಾತಿ ಪತ್ರ, ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ಸಂಖ್ಯೆ ಇವುಗಳ ಫೋಟೋ ಊರಿನ ಮನೆಯ ಫೋನಿನಲ್ಲೂ ಇರಲಿ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಂತೆ ನೇಮಕಾತಿ ಪತ್ರ ಎಲ್ಲ ಕೆಲಸಗಾರರ ಹಕ್ಕು; ಕೆಲಸ ಬಿಟ್ಟರೂ ಬಿಡಿಸಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಇಷ್ಟೂ ಒರಟು ಮೇಲಧಿಕಾರಿಯ ಮಾತಾಯಿತು. ಆದರೆ ಒರಟುತನಕ್ಕೂ ಅಪರಾಧಕ್ಕೂ ನಡುವೆ ಒಂದು ಗೆರೆಯಿದೆ. ಕೈ ಮಾಡುವುದು, ಮೈ ಮುಟ್ಟುವುದು, ಅಸಭ್ಯ ಮಾತು, 'ರಜೆ ಬೇಕಾದರೆ ನನ್ನನ್ನು ಹೊರಗೆ ಭೇಟಿಯಾಗು' ಎನ್ನುವುದು, ಇವು ತಾಳಿಕೊಳ್ಳುವ ವಿಷಯಗಳೇ ಅಲ್ಲ. 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಜನರಿರುವ ಎಲ್ಲ ಕೆಲಸದ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಒಂದು ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರೆದುಕೊಡಬೇಕು, ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಸಮಿತಿಯವರ ಹೆಸರು ನೋಟಿಸ್ ಬೋರ್ಡಿನಲ್ಲಿರುತ್ತದೆ. ಕೆಲಸಕ್ಕೆ ಸೇರಿದ ವಾರವೇ ಅದನ್ನು ಓದಿಟ್ಟುಕೊಳ್ಳಲು ಮಕ್ಕಳಿಗೆ ಹೇಳಿ. ನಮ್ಮವರು ಕೆಲವರು ಆಲೂರು ದಾಟಿ ಬಳ್ಳಾರಿಯ ಜೀನ್ಸ್ ಹೊಲಿಗೆಗೂ ಹೋಗುತ್ತಾರೆ. ಅಲ್ಲಿನ ಅನೇಕ ಘಟಕಗಳು ಚಿಕ್ಕವು, ಪೀಸಿಗೆ ಇಷ್ಟು ಎಂದು ಕೂಲಿ, ಮಾಲೀಕನೇ ಪಕ್ಕದಲ್ಲಿ ನಿಂತಿರುತ್ತಾನೆ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ದೂರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗುತ್ತದೆ. ತುರ್ತಿಗೆ ಮಹಿಳಾ ಸಹಾಯವಾಣಿ 181 ಇದೆ.

ಮೇಲಿನವರ ಮಾತು ಕೇಳುವುದೇ ಸದ್ಗುಣ ಎಂದು ನಾವು ಗುರುಗಳು ಸುಲಭವಾಗಿ ಹೇಳಿಬಿಡುತ್ತೇವೆ. 2013ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡದಲ್ಲಿ ಬಿರುಕು ಕಂಡಾಗ ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಗಾರ್ಮೆಂಟ್ಸ್ ಕೆಲಸಗಾರರನ್ನು ಮಾತ್ರ ಮರುದಿನ ಒಳಗೆ ಕರೆದರು. ಸಂಬಳ ಹೋದೀತೆಂಬ ಭಯದಿಂದ ಅವರು ಒಳಗೆ ಹೋದರು. ಆ 24ರಂದು ಕಟ್ಟಡ ಕುಸಿದು 1,134 ಮಂದಿ ಸತ್ತರು. ಒಂದು ವಾರದ ನಂತರ, ಮೇ 1ರ ಬಲಿಪೂಜೆಯಲ್ಲಿ ವಿಶ್ವಗುರು ಫ್ರಾನ್ಸಿಸ್ ಅವರು ಅಲ್ಲಿನ ಸಂಬಳ ತಿಂಗಳಿಗೆ 38 ಯೂರೊ ಎಂದು ಕೇಳಿ, ಇದು ಗುಲಾಮಗಿರಿಯ ದುಡಿಮೆ ಎಂದು ಬಿಚ್ಚಿ ಹೇಳಿದರು.

ಒಬ್ಬಳೇ ಹೋಗಿ ಕೇಳಿದರೆ 'ಜಗಳಗಂಟಿ' ಎಂಬ ಹೆಸರು. ಐದಾರು ಜನ ಹೋದರೆ ಅದು ವಿಷಯವಾಗುತ್ತದೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಹಳೆಯ ಸಾಕ್ಷಿಯಿದೆ: ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿ, ಬಿಡಿಬಿಡಿಯಾಗಿ ಮಗ್ಗಕ್ಕೆ ಕೂತಿದ್ದ ನೇಕಾರರನ್ನು ಒಂದುಗೂಡಿಸಿದರು. ಇತ್ತೀಚಿನ ಮಾತು ಹೇಳುವುದಾದರೆ, ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಮೆಷಿನ್ ಬಿಟ್ಟು ರಸ್ತೆಗೆ ಬಂದರು. ಕರೆದ ನಾಯಕರಿರಲಿಲ್ಲ. ಬಸ್ಸುಗಳು ಸುಟ್ಟದ್ದು, ಲಾಠಿ ಬೀಸಿದ್ದು ನೋವಿನ ಸಂಗತಿ. ಆದರೆ ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆಯಿತು. ತಮಿಳುನಾಡಿನ ದಿಂಡಿಗಲ್ ಬಳಿಯ ಕಾರ್ಖಾನೆಯೊಂದರ ದಲಿತ ಯುವತಿ 2021ರಲ್ಲಿ ಕೊಲೆಯಾದಳು, ಆರೋಪಿ ಅವಳ ಸೂಪರ್‌ವೈಸರ್. ಮಹಿಳೆಯರೇ ಮುಂದಾಗಿ ನಡೆಸುವ ಅಲ್ಲಿನ ಕಾರ್ಮಿಕ ಸಂಘ ಸುಮ್ಮನಾಗಲಿಲ್ಲ. 2022ರಲ್ಲಿ ಕಂಪನಿಯೊಂದಿಗೂ ಎಚ್ ಅಂಡ್ ಎಂ ಬ್ರ್ಯಾಂಡಿನೊಂದಿಗೂ ಒಪ್ಪಂದವಾಯಿತು. ಕೆಲಸಗಾರ್ತಿಯರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಫ್ಲೋರಿನಲ್ಲಿ ಕಿರುಕುಳ ಕಂಡರೆ ವರದಿ ಮಾಡುವ ಹೊಣೆ ಒಪ್ಪಿಸಿದರು.

ಇನ್ನು ಊರಿನಲ್ಲಿರುವ ನಮ್ಮ ಕುಟುಂಬಗಳ ಮಾತು. ಭಾನುವಾರ ಫೋನ್ ಬಂದಾಗ ನಾವು ಕೇಳುವುದೇನು? "ಊಟ ಆಯ್ತಾ? ದುಡ್ಡು ಹಾಕಿದಿಯಾ?" ಅವಳು ಎರಡಕ್ಕೂ ಹೂಂ ಅನ್ನುತ್ತಾಳೆ. ಅಪ್ಪನಿಗೆ ಸಾಲದ ಚಿಂತೆ ಇದೆಯೆಂದು ಗೊತ್ತಿರುವ ಮಗಳು ತಾನಾಗಿ ಏನೂ ಹೇಳುವುದಿಲ್ಲ. "ಈ ವಾರ ಯಾರಾದರೂ ಬೈದರಾ? ಏನಂದರು? ನಿನ್ನ ಪಕ್ಕ ಯಾರು ಕೂರುತ್ತಾರೆ, ಅವಳ ಹೆಸರೇನು?" ಎಂದು ಕೇಳಿ ನೋಡಿ. ಕೇಳಿದ ಮೇಲೆ ತಕ್ಷಣ ತಾಳಿಕೋ ಎನ್ನಬೇಡಿ, ತಕ್ಷಣ ಬಿಟ್ಟು ಬಾ ಎಂದೂ ಬೇಡ. ಅವಳು ಪೂರ್ತಿ ಹೇಳಿ ಮುಗಿಸಲಿ.

ನಮ್ಮ ಆ ಹುಡುಗಿ ಗುಣವಾಗಿ ಅದೇ ಕಾರ್ಖಾನೆಗೆ ಹಿಂತಿರುಗಿದಳು. ಈ ಬಾರಿ ನೋಟ್‌ಬುಕ್ ಇತ್ತು, ಜೊತೆಗೆ ನಾಲ್ವರು ಗೆಳತಿಯರಿದ್ದರು. ಐವರೂ ಹೋಗಿ ಆಫೀಸಿನಲ್ಲಿ ಬರೆದುಕೊಟ್ಟರು. ಆ ಸೂಪರ್‌ವೈಸರನನ್ನು ಬೇರೆ ಲೈನಿಗೆ ಹಾಕಿದರು. ಅಷ್ಟೇ, ಆ ಬೇರೆ ಲೈನಿನವರ ಗತಿ ಏನಾಯಿತೋ. ಅವಳ ಲೈನಿನಲ್ಲಿ ಕೂಗು ಕಡಿಮೆಯಾಗಿದೆ, ನಿಂತಿಲ್ಲ.

ಕಳೆದ ತಿಂಗಳು ಅವಳು ಫೋನ್ ಮಾಡಿದ್ದಳು. ಅವಳನ್ನೇ ಸೂಪರ್‌ವೈಸರ್ ತರಬೇತಿಗೆ ಆರಿಸಿದ್ದಾರಂತೆ. ಸಂಬಳ ಹೆಚ್ಚು. ನಾವು ಸಂತೋಷಪಟ್ಟು ಅಭಿನಂದಿಸಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೋರ್ಡ್ ಮ್ಯಾಲೆ ನಂಬರ್ ಕಮ್ಮಿ ಆದ ದಿನ ನಾನೂ ಹಂಗೇ ಕೂಗಿಬಿಟ್ರೆ ಏನ್ ಮಾಡ್ಲಿ ಫಾದರ್?" ಎಂದು ಕೇಳಿದಳು. ಈ ಸಲ ನಾವು ಥಟ್ಟನೆ ಉತ್ತರ ಕೊಡಲಿಲ್ಲ. ಕ್ರಿಸ್‌ಮಸ್ಸಿಗೆ ಬಂದಾಗ ಕೂತು ಮಾತನಾಡೋಣ ಎಂದಿದ್ದೇವೆ. ಆ ಹದಿನಾರು ವರ್ಷದ ಅನುಭವಸ್ಥೆಯನ್ನೂ ಕರೆದಿದ್ದೇವೆ.