ಹಳೆಯ ಮಸೂರಗಳ ಜೀರ್ಣೋದ್ಧಾರ

ಶಾಲೆಯ ಸಮೂಹಚಿತ್ರ, ಮಠದ ಉತ್ಸವ, ಮನೆಯ ಮದುವೆ ಇವನ್ನೆಲ್ಲ ಹಿಂದಿನ ತಲೆಮಾರಿಗೆ ಫಿಲ್ಮಿನ ಮೇಲೆ ಹಿಡಿದುಕೊಟ್ಟ ಕ್ಯಾಮೆರಾಗಳು ಉಮ್ಮತ್ತೂರು, ಸಂತೇಮರಹಳ್ಳಿ, ಗುಂಡ್ಲುಪೇಟೆಗಳ ಕಡೆಯ ಕೆಲವು ಮನೆಗಳಲ್ಲಾದರೂ ಬೀರುವಿನ ಮೂಲೆ ಸೇರಿರಬಹುದು. ಫಿಲ್ಮಿನ ಕಾಲ ಹಿಂದೆ ಸರಿದುದರಿಂದ ಅವು ನಿರುಪಯುಕ್ತವೆಂದು ಎಣಿಸುವವರೇ ಹೆಚ್ಚು. ಕ್ಯಾಮೆರಾದ ಒಡಲಿನ ಮಟ್ಟಿಗೆ ಈ ಮಾತನ್ನು ಬೇಕಾದರೆ ಒಪ್ಪಬಹುದು. ಬಿಚ್ಚಿ ತೆಗೆಯಬಹುದಾದ ಮಸೂರದ ಮಟ್ಟಿಗೆ ಒಪ್ಪಲಾಗದು. ಎಂ-42 ಎಂಬ ತಿರುಪಿನ ಹಳೆಯ ಮಸೂರವು ತನ್ನ ಪೀಠದಿಂದ 45.46 ಮಿಲಿಮೀಟರು ದೂರದಲ್ಲಿ ಬಿಂಬವನ್ನು ಮೂಡಿಸುತ್ತದೆ. ಇಂದಿನ ಕನ್ನಡಿರಹಿತ ಕ್ಯಾಮೆರಾಗಳಲ್ಲಿ ಈ ದೂರ ಬಹಳ ಕಡಮೆ. ಸೋನಿ ಕಂಪನಿಯ ಇ-ಮಾದರಿಯಲ್ಲಿ 18 ಮಿಲಿಮೀಟರು ಮಾತ್ರ. ನಡುವಣ ಅಂತರವನ್ನು ಒಂದು ಟೊಳ್ಳು ಬಳೆ ತುಂಬಿಕೊಡುತ್ತದೆ. ಹೀಗೆ ಅರ್ಧ ಶತಮಾನದ ಹಿಂದಿನ ಗಾಜು ಇಂದಿನ ಯಂತ್ರದಲ್ಲಿ ಮತ್ತೆ ದುಡಿಯಬಲ್ಲದು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಮುಂತಾದವರು ನಾಡಿನ ವನ್ಯಜೀವಿ ಛಾಯಾಗ್ರಹಣಕ್ಕೆ ಕೀರ್ತಿ ತಂದುದು ಕೈಯಿಂದಲೇ ತಿರುಗಿಸುವ ಇಂತಹ ಮಸೂರಗಳ ಯುಗದಲ್ಲಿಯೇ ಅಲ್ಲವೆ?

ಮಸೂರದ ಮೊದಲ ವೈರಿ ಬೂಷ್ಟು. ಗಾಜಿನ ಮೇಲಣ ಬೆರಳಿನ ಜಿಡ್ಡು, ಧೂಳು, ತೊಗಲಿನ ಚೀಲದ ಪಸೆ ಇವೇ ಅದರ ಆಹಾರ. ಗಾಳಿಯ ಆರ್ದ್ರತೆ ಶೇಕಡ 60-70ನ್ನು ಮೀರಿ ಬಹುದಿನ ನಿಂತರೆ ಅದು ಜೇಡರ ಬಲೆಯಂತೆ ಹಬ್ಬುತ್ತದೆ. ನಮ್ಮ ಸೀಮೆ ಮಲೆನಾಡಿನಷ್ಟು ತೇವದ್ದಲ್ಲ, ನಿಜ. ಆದರೆ ಮೇ ತಿಂಗಳ ಮಳೆಯೂ ಸೆಪ್ಟೆಂಬರ್-ಅಕ್ಟೋಬರಿನ ಮಳೆಯೂ ಮುಚ್ಚಿದ ಬೀರುವಿನೊಳಗೆ ಸಾಕಷ್ಟು ತೇವವನ್ನು ಕೂಡಿಡುತ್ತವೆ. ಬೂಷ್ಟು ಆಮ್ಲವನ್ನು ಸ್ರವಿಸಿ ಗಾಜಿನ ಲೇಪವನ್ನೂ ಕಾಲಕ್ರಮೇಣ ಗಾಜನ್ನೂ ಕೊರೆಯುತ್ತದೆ. ಕೊರೆದ ಗುರುತನ್ನು ಮನೆಯ ಯಾವ ಉಪಾಯವೂ ಅಳಿಸಲಾರದು. ಆದಕಾರಣ ಇಂದು ನೋಡುವುದಕ್ಕೂ ಐದು ವರ್ಷ ಬಿಟ್ಟು ನೋಡುವುದಕ್ಕೂ ಬಹಳ ವ್ಯತ್ಯಾಸವುಂಟು.

ಲೇಪದ ಬೆಲೆ ಏನೆಂದು ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. ಲೇಪವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಬೆಳಕಿನಲ್ಲಿ ಸುಮಾರು ಶೇಕಡ 4ನ್ನು ಹಿಂದಕ್ಕೆ ಅಟ್ಟುತ್ತದೆ. 1902ರ ಪ್ರಸಿದ್ಧ ಟೆಸ್ಸಾರ್ ಮಸೂರದಲ್ಲಿ ಗಾಳಿಗೆ ತಾಗುವ ಮೇಲ್ಮೈಗಳು ಆರು. ಐದನೆಯ ಒಂದು ಪಾಲಿಗಿಂತ ಹೆಚ್ಚು ಬೆಳಕು ಅಲ್ಲಿಯೇ ನಷ್ಟ. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸಿದ ಲೇಪವು ಈ ನಷ್ಟವನ್ನು ತಗ್ಗಿಸಿತು. ಅದರ ದಪ್ಪ ಒಂದು ಮಿಲಿಮೀಟರಿನ ಸುಮಾರು ಹತ್ತುಸಾವಿರದ ಒಂದು ಭಾಗ. ಅಂಗಿಯ ಚುಂಗಿನಿಂದಲೋ ಪಂಚೆಯ ಅಂಚಿನಿಂದಲೋ ಮಸೂರವನ್ನು ಉಜ್ಜುವವರು ಈ ಅಳತೆಯನ್ನು ನೆನೆಯುವುದೊಳ್ಳೆಯದು.

ಬಿಚ್ಚುವ ಮುನ್ನ ಪರೀಕ್ಷೆ ಅಗತ್ಯ. ದ್ಯುತಿರಂಧ್ರವನ್ನು ಪೂರ್ತಿ ತೆರೆದು ಹಿಂದಿನಿಂದ ಟಾರ್ಚಿನ ಬೆಳಕು ಬಿಟ್ಟು ನೋಡಬೇಕು. ಎಳೆಎಳೆಯಾಗಿ ಕಂಡರೆ ಬೂಷ್ಟು. ತೆಳುಮಂಜಿನಂತಿದ್ದರೆ ಆವಿಯಾಗಿ ಕುಳಿತ ಎಣ್ಣೆ. ಇವೆರಡೂ ಮನೆಯಲ್ಲಿ ಸಾಧ್ಯವಾದ ಕೆಲಸ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜುಗಳನ್ನು ಕೂಡಿಸಿದ ಕೆನಡಾ ಬಾಲ್ಸಂ ಅಂಟು ಬಿಟ್ಟಿದೆಯೆಂದರ್ಥ. ಅದನ್ನು ಮುಟ್ಟದಿರುವುದೇ ಜಾಣತನ. ಅಂಚಿನ ಅಲ್ಪ ದೋಷ ಚಿತ್ರವನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಗಾಜನ್ನು ಹಿಡಿದಿರುವ ಬಳೆಗಳಿಗೆ ಎದುರುಬದುರು ಎರಡು ಕಚ್ಚುಗಳಿರುತ್ತವೆ. ಅದಕ್ಕೆಂದೇ ಇರುವ ಎರಡು ಮೊನೆಯ ಸ್ಪ್ಯಾನರನ್ನು ಕೊಳ್ಳಬೇಕು. ರೇಖಾಗಣಿತದ ಕೈವಾರದಿಂದ ಸಾಗಿಸಲು ಹೋದರೆ ಮೊನೆ ಜಾರಿ ಗಾಜಿನ ಮೇಲೆ ಗೀರು ಬೀಳುತ್ತದೆ. ಜಪಾನೀ ಮಸೂರಗಳ ತಿರುಪಿನ ತಲೆಗೆ ಆ ದೇಶದ ಅಳತೆಯ ತಿರುಪುಳಿಯೇ ಹೊಂದುವುದು. ಅಂಗಡಿಯ ಸಾಮಾನ್ಯ ತಿರುಪುಳಿ ಅದನ್ನು ಸವೆಸಿಬಿಡುತ್ತದೆ. ಪ್ರತಿ ಹಂತವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದೂ, ಗಾಜಿನ ಅಂಚಿನಲ್ಲಿ ಪೆನ್ಸಿಲಿನಿಂದ ಮುಂಬದಿಯನ್ನು ಗುರುತಿಸುವುದೂ ಅವಶ್ಯ.

ಬೂಷ್ಟಿಗೆ ಶೇಕಡ 3ರ ಹೈಡ್ರೊಜನ್ ಪೆರಾಕ್ಸೈಡ್ ಮತ್ತು ಮನೆಬಳಕೆಯ ತೆಳು ಅಮೋನಿಯವನ್ನು ಸಮವಾಗಿ ಬೆರೆಸಿ ಬಳಸುವ ರೂಢಿಯಿದೆ. ಕಿಟಕಿ ತೆರೆದಿರಬೇಕು, ಕೈಗವಸು ತೊಟ್ಟಿರಬೇಕು. ಮಿಶ್ರಣವನ್ನು ಮುಚ್ಚಿದ ಶೀಸೆಯಲ್ಲಿ ಇಡಬಾರದು. ಬ್ಲೀಚಿಂಗ್ ದ್ರಾವಣವನ್ನು ಅಮೋನಿಯದ ಬಳಿಗೇ ತರಬಾರದು, ವಿಷಾನಿಲ ಏಳುತ್ತದೆ. ಮೊದಲು ಧೂಳನ್ನು ಊದಿ ತೆಗೆದು, ಬಳಿಕ ಒದ್ದೆಮಾಡಿದ ಹತ್ತಿಯಿಂದ ನಡುವಿನಿಂದ ಅಂಚಿಗೆ ಹಗುರವಾಗಿ ಒರೆಸಬೇಕು. ಅಂಟಿಸಿದ ಗಾಜುಗಳನ್ನು ಯಾವ ದ್ರವದಲ್ಲೂ ಮುಳುಗಿಸಕೂಡದು.

ದ್ಯುತಿರಂಧ್ರದ ಅಲಗುಗಳು ಅಂಟಿಕೊಂಡರೆ ಎಣ್ಣೆ ಬಿಡುವುದು ಹೊಲಿಗೆಯಂತ್ರದ ಅಭ್ಯಾಸ. ಇಲ್ಲಿ ಅದು ಸಲ್ಲದು. ಅಲಗುಗಳು ಒಣಗಿಯೇ ಇರಬೇಕು. ಲೈಟರಿನ ದ್ರವದಿಂದ ಜಿಡ್ಡು ತೆಗೆದರೆ ಸಾಕು. ಹತ್ತಿರ ದೀಪವಾಗಲಿ ಒಲೆಯಾಗಲಿ ಇರಕೂಡದು.

ಕೆಲವು ಮಸೂರಗಳು ಬೇರೆಯೇ ಬಗೆಯವು. ಅಸಾಹಿ ಕಂಪನಿಯ ಏಳು ಗಾಜಿನ ಸೂಪರ್ ಟಕುಮಾರ್ 50 ಮಿಲಿಮೀಟರ್ ಮಸೂರದಲ್ಲಿ ಥೋರಿಯಂ ಬೆರೆಸಿದ ಗಾಜಿದ್ದು, ವರ್ಷಗಳು ಕಳೆದಂತೆ ಅದು ಚಹಾದ ಬಣ್ಣಕ್ಕೆ ತಿರುಗುತ್ತದೆ. ನೇರಳಾತೀತ ಕಿರಣ ಬಿದ್ದರೆ ಹಳದಿ ತಗ್ಗುವುದುಂಟು. ಕೆಲವರು ಹಲವು ದಿನ ಬಿಸಿಲಿಗೆ ಇಡುತ್ತಾರೆ. ಇಡುವಾಗ ಮಸೂರದ ಹಿಂಬದಿಗೆ ಬೆಳ್ಳಿಹಾಳೆ ಸುತ್ತುವುದು ಲೇಸು, ಇಲ್ಲವಾದರೆ ಕೂಡಿಬಿದ್ದ ಬಿಸಿಲು ಮೇಜುಬಟ್ಟೆಯನ್ನು ಸುಟ್ಟೀತು. ಈ ಗಾಜನ್ನು ಉಜ್ಜಿ ಪುಡಿಮಾಡುವ ಸಾಹಸವಂತೂ ಬೇಡವೇ ಬೇಡ.

ಫೋಕಸ್ಸಿನ ಬಳೆ ಬಿಗಿದಿದ್ದರೆ ಒಳಗಿನ ಗ್ರೀಸು ಗಟ್ಟಿಯಾಗಿರುತ್ತದೆ. ಅಲ್ಲಿನ ಮರೆಯಲ್ಲಿ ಒಂದಲ್ಲ, ಹಲವು ಆರಂಭಗಳಿರುತ್ತವೆ. ಎರಡು ಭಾಗಗಳು ಬೇರೆಯಾಗುವ ಬಿಂದುವನ್ನು ಗುರುತುಮಾಡದಿದ್ದರೆ ಮರುಜೋಡಣೆಯಲ್ಲಿ ತಪ್ಪು ಮರೆ ಹತ್ತುತ್ತದೆ. ಜೋಡಿಸಿದ ಮೇಲೆ ಉಮ್ಮತ್ತೂರಿನವರು ತಿಳಿಯಾದ ಬೆಳಗಿನಲ್ಲಿ ಪೂರ್ವದ ಬಿಳಿಗಿರಿರಂಗನ ಬೆಟ್ಟದ ಸಾಲನ್ನು ನೋಡಿ ಪರೀಕ್ಷಿಸಬಹುದು. ಬಳೆಯನ್ನು ಅನಂತದ ಕೊನೆಯವರೆಗೆ ತಿರುಗಿಸಿದರೂ ಬೆಟ್ಟದ ಅಂಚು ಮಸುಕಾಗಿಯೇ ಉಳಿದರೆ ಮರೆ ತಪ್ಪಿದೆ, ಇಲ್ಲವೆ ಗಾಜೊಂದು ತನ್ನ ಪೀಠದಲ್ಲಿ ಸರಿಯಾಗಿ ಕುಳಿತಿಲ್ಲ. ಮತ್ತೆ ಬಿಚ್ಚಿ ಮುಂದಿನ ಮರೆಯನ್ನು ಹಿಡಿಯತಕ್ಕದ್ದು.