ನನಗೆ 26 ವಾರ, ಆಕೆಗೆ 20 ದಿನ
ಪುಣೆಯ ನನ್ನ ಕಂಪನಿ ಹೆರಿಗೆಗೆ 26 ವಾರ ಪೂರ್ಣ ಸಂಬಳದ ರಜೆ ಕೊಟ್ಟಿದೆ. ಉಪಕಾರವೇನಲ್ಲ, 2017ರ ತಿದ್ದುಪಡಿ ಕಾಯ್ದೆ ಕೊಟ್ಟ ಹಕ್ಕು.

ನಮ್ಮ ಮನೆಗೆಲಸದಾಕೆ ಯಾದಗಿರಿ ಕಡೆಯವಳು. ಹೋದ ವರ್ಷ ಹೆತ್ತ ಇಪ್ಪತ್ತನೇ ದಿನಕ್ಕೇ ಹಸಿ ಬಾಣಂತಿ ಪಾತ್ರೆ ತೊಳೆಯಲು ಬಂದಿದ್ದಳು. ‘ಇನ್ನಷ್ಟು ದಿನ ಕುಂತ್ರ ಮನಿ ಕೆಲಸ ಬ್ಯಾರೆಯವ್ರ ಪಾಲಾಗ್ತೈತ್ರೀ ಅಕ್ಕಾರ’ ಎಂದಿದ್ದಳು.

ಹೆರಿಗೆಯ ನಂತರ ಆರು ವಾರ ದುಡಿಸಲೇಬಾರದು ಎನ್ನುತ್ತದೆ ಕಾಯ್ದೆ. ಆದರೆ ಅದು ಕಾರ್ಖಾನೆಗೆ, ಗಣಿಗೆ, ತೋಟಕ್ಕೆ, ಹತ್ತು ಜನ ದುಡಿಯುವ ಅಂಗಡಿ-ಕಚೇರಿಗೆ, ಮನೆಗಲ್ಲ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಉಂಟು. ಆಕೆಗದು ಮೂರನೆಯದು.

ಕಾಯ್ದೆ ತಿದ್ದುವವರು ತಿದ್ದಲಿ. ಆ ಇಪ್ಪತ್ತು ದಿನದ ಸಂಬಳವನ್ನು ನಾವೂ ಹಿಡಿದುಕೊಂಡಿದ್ದೆವು. ಲೆಕ್ಕ ಹಾಕಿದವಳು ನಾನೇ.