ಸವಕಳಿ ಲೆಕ್ಕಕ್ಕೆ ಸಿಗದ ಎರಡು ಕಾರುಗಳು

ಅಕೌಂಟೆನ್ಸಿ ತರಗತಿಯಲ್ಲಿ ಸವಕಳಿ ಪಾಠ ನಡೆಯುತ್ತಿತ್ತು. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಕೊನೆಗೆ ಗುಜರಿ ಬೆಲೆ ಮಾತ್ರ ಉಳಿಯುತ್ತದೆ ಎಂದು ಸರ್ ಹೇಳಿದರು. ಆಗ ಹಿಂದಿನ ಬೆಂಚಿನ ಗೆಳೆಯನೊಬ್ಬ, "ಸರ್, ಹಾಗಾದ್ರೆ ಕೆಲವು ಹಳೇ ಕಾರು ಕೋಟಿಗಟ್ಟಲೆಗೆ ಹೋಗೋದು ಹೇಗೆ?" ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ಇಂಗ್ಲೆಂಡಿನ ಎರಡು ಕಾರುಗಳನ್ನು ಹೋಲಿಸಿ ನೋಡಿದೆ. ಒಂದು ಜಾಗ್ವಾರ್ ಇ-ಟೈಪ್, ಇನ್ನೊಂದು ಆಸ್ಟನ್ ಮಾರ್ಟಿನ್ ಡಿಬಿ5.

ಇವೆರಡೂ ಗ್ರ್ಯಾಂಡ್ ಟೂರಿಂಗ್ ಕಾರುಗಳು. ಅಂದರೆ ದೂರದ ಪ್ರಯಾಣವನ್ನು ವೇಗವಾಗಿ, ಆಯಾಸವಿಲ್ಲದೆ, ಲಗೇಜ್ ಸಮೇತ ಮುಗಿಸಲು ಮಾಡಿದವು. ಇ-ಟೈಪ್ 1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಬಂತು. ಡಿಬಿ5 ಬಂದದ್ದು 1963ರಲ್ಲಿ. ಮೊದಲ ಇ-ಟೈಪ್‌ಗೆ 3.8 ಲೀಟರ್ ಎಂಜಿನ್, 265 ಅಶ್ವಶಕ್ತಿ. ಡಿಬಿ5ಗೆ 4 ಲೀಟರ್, 282 ಅಶ್ವಶಕ್ತಿ. ಎರಡರಲ್ಲೂ ಸಾಲಾಗಿ ಆರು ಸಿಲಿಂಡರ್. ವೇಗದಲ್ಲಿ ಇ-ಟೈಪ್ ಹಿಂದೆ ಬೀಳುವುದಿಲ್ಲ. ಗಂಟೆಗೆ ಸುಮಾರು 240 ಕಿ.ಮೀ. ಓಡುತ್ತದೆ ಎಂದೇ ಅದು ಹೆಸರಾಯಿತು.

ಹೊಸದಿದ್ದಾಗ ಇ-ಟೈಪ್ ಬೆಲೆ ಎರಡು ಸಾವಿರ ಪೌಂಡಿನ ಆಸುಪಾಸು, ಡಿಬಿ5ಗೆ ಅದರ ಸುಮಾರು ದುಪ್ಪಟ್ಟು. ಇಂದು ಈ ಅಂತರ ದುಪ್ಪಟ್ಟಿನಲ್ಲಿ ನಿಂತಿಲ್ಲ, ಹಲವು ಪಟ್ಟಾಗಿದೆ.

ಮೊದಲ ಕಾರಣ ಪೂರೈಕೆ. 1974ರವರೆಗೆ 72,000ಕ್ಕೂ ಹೆಚ್ಚು ಇ-ಟೈಪ್‌ಗಳು ತಯಾರಾದವು. ಡಿಬಿ5 ತಯಾರಿಕೆ 1965ರಲ್ಲೇ ನಿಂತಿತು. ಒಟ್ಟು ಸಂಖ್ಯೆ 1,100 ದಾಟಲಿಲ್ಲ. ತೆಳುವಾದ ಉಕ್ಕಿನ ಕೊಳವೆಗಳ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸುವ, ಇಟಲಿಯ ಟೂರಿಂಗ್ ಕಂಪನಿಯ ವಿಧಾನದಲ್ಲಿ ಅದನ್ನು ಕಟ್ಟುತ್ತಿದ್ದರು. ಕೈಕೆಲಸ ಹೆಚ್ಚು, ಆದ್ದರಿಂದ ಸಂಖ್ಯೆ ಕಡಿಮೆ.

ಎರಡನೆಯದು ಬೇಡಿಕೆ. 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಜೇಮ್ಸ್ ಬಾಂಡ್ ಓಡಿಸಿದ್ದು ಡಿಬಿ5. ಮುಂದಿನ ಬಾಂಡ್ ಚಿತ್ರದ ಪ್ರಚಾರಕ್ಕೆ ಸಿದ್ಧಪಡಿಸಿದ್ದ ಒಂದು ಡಿಬಿ5, 2019ರ ಹರಾಜಿನಲ್ಲಿ ಸುಮಾರು 64 ಲಕ್ಷ ಡಾಲರಿಗೆ ಹೋಯಿತು. ಇದನ್ನು ನಮ್ಮ ಭಾಷೆಯಲ್ಲಿ ಗುಡ್‌ವಿಲ್ ಎನ್ನಬಹುದು. ಇ-ಟೈಪ್ ಚೆಲುವಿನಲ್ಲಿ ಕಡಿಮೆಯೇನಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಒಂದು ಇ-ಟೈಪ್ ಅನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ. ಆದರೂ ಬೆಲೆ ಕಡಿಮೆ, ಏಕೆಂದರೆ ಕೊಳ್ಳುವವನಿಗೆ ಇನ್ನೊಂದು ಇ-ಟೈಪ್ ಸಿಕ್ಕೇ ಸಿಗುತ್ತದೆ.

ಹಾಗಾದರೆ ಸಂಗ್ರಹಕಾರರು ಯಾವುದನ್ನು ಆರಿಸಬೇಕು? ಖರ್ಚಿನ ಕಡೆಯನ್ನೂ ನೋಡಬೇಕು. ಇ-ಟೈಪ್‌ಗೆ ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. ಆದರೆ ಅದರ ಉಕ್ಕಿನ ನೆಲ ಮತ್ತು ಬಾಗಿಲ ಕೆಳಗಿನ ಪಟ್ಟಿಗಳು ತುಕ್ಕು ಹಿಡಿಯುತ್ತವೆ. ಡಿಬಿ5ನಲ್ಲಿ ಅಲ್ಯೂಮಿನಿಯಂ ಉಕ್ಕಿಗೆ ತಾಗುವ ಕಡೆ ಸವೆತ ಆಗುತ್ತದೆ, ಅದು ಹೊರಗಿನಿಂದ ಕಾಣುವುದಿಲ್ಲ. ಹಾಳಾದ ಇ-ಟೈಪ್ ಅನ್ನು ಅಗ್ಗಕ್ಕೆ ಕೊಂಡು ಪೂರ್ತಿ ರಿಪೇರಿ ಮಾಡಿಸಿದರೆ, ಎಷ್ಟೋ ಸಲ ಒಟ್ಟು ಖರ್ಚು ಮಾರುವ ಬೆಲೆಯನ್ನೇ ಮೀರುತ್ತದೆ.

ಕಾಗದಪತ್ರವೂ ಮುಖ್ಯ. ಎಂಜಿನ್ ಸಂಖ್ಯೆ ಕಾರ್ಖಾನೆಯ ದಾಖಲೆಗೆ ಹೊಂದಿದರೆ ಬೆಲೆ ಹೆಚ್ಚು, ಹೊಂದದಿದ್ದರೆ ಕಡಿಮೆ. ವೋಚರ್ ಇಲ್ಲದ ಜಮಾ-ಖರ್ಚನ್ನು ಆಡಿಟರ್ ನಂಬದ ಹಾಗೆ.

ನನ್ನ ಅಭಿಪ್ರಾಯದಲ್ಲಿ, ಓಡಿಸಿ ಸಂತೋಷಪಡುವವರಿಗೆ ಇ-ಟೈಪ್, ಹೆಚ್ಚು ಹಣ ತೊಡಗಿಸಿ ಕಾಯಬಲ್ಲವರಿಗೆ ಡಿಬಿ5. ಗೆಳೆಯನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಹಳೆಯದಾದ ಮಾತ್ರಕ್ಕೆ ಯಾವ ಕಾರಿಗೂ ಬೆಲೆ ಬರುವುದಿಲ್ಲ. ಉಳಿದಿರುವುದು ಕಡಿಮೆ ಇರಬೇಕು, ಬೇಕೆನ್ನುವವರು ಹೆಚ್ಚಿರಬೇಕು, ದಾಖಲೆ ಸಾಚಾ ಇರಬೇಕು. ಅರವತ್ತು ವರ್ಷಗಳ ಹಣದುಬ್ಬರ, ವಿಮೆ, ರಿಪೇರಿಯನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಲಾಭ. ಮಿಕ್ಕ ಕಾರುಗಳ ವಿಷಯದಲ್ಲಿ ಸರ್ ಹೇಳಿದ್ದೇ ಸರಿ.